ಏಳನೇ ಪ್ರಶ್ನೆಯಲ್ಲಿ ಸಿಕ್ಕಿಬಿದ್ದ ಹುಡುಗಿ

(ಗುರುತು ಸಿಗದಂತೆ ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಸುಧಾ ಎಂದು ಕರೆಯೋಣ. ವಯಸ್ಸು 19, ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರ ಮಗಳು. 2024ರ ನೀಟ್‌ನಲ್ಲಿ, ಅಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ, 720ಕ್ಕೆ 412 ಅಂಕ ಬಂದ ಮೇಲೆ ಧಾರವಾಡದ ಹಾಸ್ಟೆಲ್ ಒಂದರಲ್ಲಿದ್ದು ಲಾಂಗ್ ಟರ್ಮ್ (ಮತ್ತೆ ಪರೀಕ್ಷೆ ಬರೆಯುವವರ ಇಡೀ ವರ್ಷದ ಕೋಚಿಂಗ್) ಓದುತ್ತಿದ್ದಳು. 2025ರ ಫೆಬ್ರವರಿಯಲ್ಲಿ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಾಗ ಪರೀಕ್ಷೆಗೆ ಹನ್ನೆರಡು ವಾರ ಉಳಿದಿತ್ತು.

"ಮೇಡಂ, ರೂಮಿನ್ಯಾಗ ಕುಂತು ಬರದ್ರ 520 ಬರ್ತದ. ಟೆಸ್ಟ್ ಹಾಲ್‌ನ್ಯಾಗ 390 ದಾಟಂಗಿಲ್ಲ. ನನಗ ಕಾನ್ಫಿಡೆನ್ಸೇ ಇಲ್ರೀ."

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ನಿದ್ದೆ, ಊಟ ವಿಚಾರಿಸಿದೆ. ಬದುಕೇ ಬೇಡ ಅನಿಸಿದ್ದುಂಟೇ ಎಂದು ನೇರವಾಗಿ ಕೇಳಿದೆ. (ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಪೋಷಕರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಲೇಬೇಕು.) ಅಂಥದ್ದೇನೂ ಇರಲಿಲ್ಲ. ಆದರೂ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳ ಮೊಬೈಲಿನಲ್ಲಿ ಸೇರಿಸಿಕೊಳ್ಳಲು ಹೇಳಿದೆ. ನಿಧಾನ ಉಸಿರಾಟ ಹೇಳಿಕೊಟ್ಟು, "ನಿನ್ನ ಕೈಲಿ ಆಗುತ್ತೆ" ಎಂದು ಕಳಿಸಿದೆ. ಮುಂದಿನ ಭಾನುವಾರದ ಟೆಸ್ಟಿನಲ್ಲಿ 381 ಬಂತು. "ಉಸಿರು ಎಣಸೂದ್ರಾಗ ಎರಡು ನಿಮಿಷ ಹೋತ್ರೀ" ಅಂದಳು. ನಗು ಬಂತು, ನಾಚಿಕೆಯೂ ಆಯಿತು. ಅವಳ ಉತ್ತರಗಳನ್ನೇ ನೋಡದೆ ನಾನು ಆತ್ಮವಿಶ್ವಾಸದ ಬಗ್ಗೆ ಮಾತಾಡಿದ್ದೆ.

ಎರಡನೇ ಸಲ ಪ್ರಶ್ನೆಪತ್ರಿಕೆಯನ್ನೇ ತರಿಸಿಕೊಂಡೆ. ಭೌತಶಾಸ್ತ್ರದ ಏಳನೇ ಪ್ರಶ್ನೆಯ ಪಕ್ಕ ಜಾಗವೇ ಇರಲಿಲ್ಲ. ಅದೇ ಲೆಕ್ಕವನ್ನು ಮೂರು ಸಲ ಮಾಡಿ, ಹೊಡೆದುಹಾಕಿ, ಮತ್ತೆ ಬರೆದಿದ್ದಳು. ಎಷ್ಟು ಹೊತ್ತು ಹಿಡಿಯಿತು ಅಂದರೆ, ಹತ್ತು ಹನ್ನೊಂದು ನಿಮಿಷ ಇರಬಹುದು ಅಂದಳು. ಕೊನೆಯಲ್ಲಿ ಜೀವಶಾಸ್ತ್ರದ ಹದಿನೈದು ಪ್ರಶ್ನೆಗಳನ್ನು ಓದಿಯೂ ಇರಲಿಲ್ಲ. ಅವಳಿಗೆ ಕಣ್ಣು ಮುಚ್ಚಿ ಬರುವ ವಿಷಯ ಅದು. ಹದಿನೈದಕ್ಕೆ ನಾಲ್ಕರಂತೆ 60 ಅಂಕ, ನಾಲ್ಕು ಅಂಕದ ಒಂದು ಲೆಕ್ಕದ ಮೇಲಿನ ಹಠಕ್ಕೆ ಹೋಗಿತ್ತು.

ಆ ಜನವರಿಯಲ್ಲಿ ನೀಟ್ ಪತ್ರಿಕೆಗೆ ಬಂದ ಬದಲಾವಣೆಯೂ ಅವಳನ್ನು ಅಲ್ಲಾಡಿಸಿತ್ತು. ಅದಕ್ಕೆ ಮೊದಲು 200 ಪ್ರಶ್ನೆಗಳಲ್ಲಿ 180ಕ್ಕೆ ಉತ್ತರಿಸಿದರೆ ಸಾಕಿತ್ತು, 200 ನಿಮಿಷ ಇರುತ್ತಿತ್ತು. ಈಗ ಆಯ್ಕೆ ಇಲ್ಲ: 180 ಪ್ರಶ್ನೆ, 180 ನಿಮಿಷ. ಅದರಲ್ಲೇ ಓಎಂಆರ್ ಹಾಳೆಯ ಉತ್ತರದ ಗುಂಡಿಗಳನ್ನೂ ತುಂಬಬೇಕು.

ಹಾಗಾದರೆ ಬರುವ ಲೆಕ್ಕ ಹಾಲ್‌ನಲ್ಲಿ ಯಾಕೆ ಬರುವುದಿಲ್ಲ? ಒಂದೇ ಹೊತ್ತಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಆಗುವುದು ಸ್ವಲ್ಪ. ನಾಲ್ಕು ಹಂತದ ಲೆಕ್ಕಕ್ಕೆ ಆ ಜಾಗವೆಲ್ಲ ಬೇಕು. ಚಿಂತೆ ಅಲ್ಲೇ ಬಂದು ಕೂರುತ್ತದೆ. ನೆನಪಿನಿಂದ ಬರುವ ಜೀವಶಾಸ್ತ್ರಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ, ಭೌತಶಾಸ್ತ್ರಕ್ಕೆ ಬೀಳುತ್ತದೆ. ಸುಧಾ ಶುರುಮಾಡುತ್ತಿದ್ದದ್ದೇ ಭೌತಶಾಸ್ತ್ರದಿಂದ. "ಕಷ್ಟದ್ದು ಮೊದಲು ಮುಗಸಬೇಕು ಅಂತ ಸರ್ ಹೇಳ್ಯಾರ."

ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಒಂದೇ: ಬಿಡುವುದನ್ನು ಕಲಿ. ಎರಡು ಸಾಲು ಬರೆದ ಮೇಲೂ ದಾರಿ ಕಾಣದಿದ್ದರೆ ಪ್ರಶ್ನೆಸಂಖ್ಯೆಗೆ ಸುತ್ತು ಹಾಕಿ ಮುಂದಕ್ಕೆ ಹೋಗು. ಹೇಳುವುದು ಸುಲಭ. ಪಿಯುಸಿಯವರೆಗೂ ಮೊದಲ ಸ್ಥಾನ ಬಿಡದ ಹುಡುಗಿಗೆ ಒಂದು ಪ್ರಶ್ನೆ ಬಿಡುವುದೆಂದರೆ ಸೋತಂತೆ. ಅದಕ್ಕೇ ಬಿಡುವುದನ್ನೇ ಹೋಮ್‌ವರ್ಕ್ ಮಾಡಿಸಿದೆ. ದಿನಾ 45 ಭೌತಶಾಸ್ತ್ರದ ಪ್ರಶ್ನೆ, 15 ನಿಮಿಷ. ಬಿಡಿಸಕೂಡದು. ಈಗಲೇ ಬರುವುದಕ್ಕೆ ಗೆರೆ, ಆಮೇಲೆ ನೋಡುವುದಕ್ಕೆ ಸುತ್ತು, ಬೇಡದ್ದಕ್ಕೆ ಅಡ್ಡಗೀಟು. ಮೊದಲ ವಾರ ಅವಳ ಕೈ ತಡೆಯಲಿಲ್ಲ, ಕದ್ದು ಬಿಡಿಸುತ್ತಿದ್ದಳು. ಎರಡನೇ ವಾರದ ಕೊನೆಗೆ, ಅಡ್ಡಗೀಟು ಹಾಕಿದವು ಆರೋ ಏಳೋ ಮಾತ್ರ ಎಂದು ಅವಳಿಗೇ ಗೊತ್ತಾಯಿತು. ನಾನು ಎಷ್ಟು ಹೊಗಳಿದ್ದರೂ ಬಾರದ ಧೈರ್ಯ ಆ ಎಣಿಕೆಯಿಂದ ಬಂತು.

ಊಹೆಯ ವಿಚಾರಕ್ಕೂ ಲೆಕ್ಕ ಹಾಕಿದೆವು. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿದರೆ ಉಳಿದೆರಡರಲ್ಲಿ ಒಂದನ್ನು ತುಂಬಿದಾಗ ಸರಾಸರಿ ಒಂದೂವರೆ ಅಂಕ ಲಾಭ. ಕುರುಡು ಊಹೆಗೂ ಸರಾಸರಿ ಕಾಲು ಅಂಕ ಸಿಗುತ್ತದೆ. ಆದರೂ ಅದು ಬೇಡ ಎಂದೆ. ಕೊನೆಯ ಐದು ನಿಮಿಷ ಸಿಕ್ಕಸಿಕ್ಕ ಗುಂಡಿ ತುಂಬುವ ಗಾಬರಿಯಲ್ಲಿ, ಸರಿ ಬರೆದದ್ದನ್ನೂ ತಪ್ಪು ಸಾಲಿಗೆ ತುಂಬಿದವರನ್ನು ನೋಡಿದ್ದೇನೆ. ಬಾಲ್‌ಪೆನ್ನಿನ ಗುರುತು ಅಳಿಸಲು ಬರುವುದಿಲ್ಲ. ಒಂದು ಪುಟ ಮುಗಿದ ಕೂಡಲೇ ಆ ಪುಟದ ಉತ್ತರ ತುಂಬುವುದು ಎಂದು ತೀರ್ಮಾನವಾಯಿತು. ಜೀವಶಾಸ್ತ್ರ ಮೊದಲು, ಭೌತಶಾಸ್ತ್ರ ಕೊನೆಗೆ.

ಇನ್ನು ಹೊತ್ತು. ಅವಳ ಟೆಸ್ಟುಗಳೆಲ್ಲ ಬೆಳಗ್ಗೆ, ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5. ಅದು ಅವಳು ಅನ್ನ ಸಾರು ಉಂಡು ತೂಕಡಿಸುವ ಹೊತ್ತು. ಕೊನೆಯ ಆರು ಭಾನುವಾರ ಹನ್ನೊಂದಕ್ಕೆ ಎರಡು ರೊಟ್ಟಿ, ಪಲ್ಯ, ಮಜ್ಜಿಗೆ. 1.30ಕ್ಕೆ ಗೇಟು ಮುಚ್ಚಿತು ಎಂದುಕೊಂಡು ಪುಸ್ತಕ ಕೆಳಗಿಡುವುದು. ಕೈಗಡಿಯಾರ ಬಿಡಿಸುವುದು, ಒಳಗೆ ಹೇಗೂ ಬಿಡುವುದಿಲ್ಲ. ಕೂರುವ ಮೊದಲು ಹತ್ತು ನಿಮಿಷ, ಹೆದರಿಕೆಯನ್ನೆಲ್ಲ ಹಾಳೆಯ ಮೇಲೆ ಬರೆಯುವುದು. 2011ರಲ್ಲಿ ಗೆರಾರ್ಡೊ ರಾಮಿರೆಜ್ ಮತ್ತು ಸಯಾನ್ ಬೈಲಾಕ್ ಎಂಬ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಹೆದರುವ ವಿದ್ಯಾರ್ಥಿಗಳಿಗೇ ಈ ಬರವಣಿಗೆಯಿಂದ ಹೆಚ್ಚು ಉಪಯೋಗವಾಗಿತ್ತು.

ಅವಳ ಹಾಳೆಯಲ್ಲಿ ಪ್ರತಿ ಸಲ ಒಂದೇ ಸಾಲು: "ಅವ್ವನ ಬೋರಮಾಳ ಸರ ಬ್ಯಾಂಕಿನ್ಯಾಗ ಐತಿ."

ಅಪ್ಪನಿಗೆ ಫೋನ್ ಮಾಡಿದೆ. ದಿನಾ ರಾತ್ರಿ ಅವರು ಮಗಳಿಗೆ ಹೇಳುತ್ತಿದ್ದದ್ದು: "ಟೆನ್ಶನ್ ಮಾಡ್ಕೋಬ್ಯಾಡವಾ, ನಿನ್ನ ಮ್ಯಾಲ ನನಗ ಪೂರಾ ಭರೋಸ ಐತಿ." ಅದನ್ನೇ ನಿಲ್ಲಿಸಿ ಅಂದಾಗ ಅವರಿಗೆ ಅರ್ಥವಾಗಲಿಲ್ಲ. "ಧೈರ್ಯ ಹೇಳೂದೂ ತಪ್ಪೇನ್ರೀ ಅಕ್ಕಾರ?" ತಪ್ಪಲ್ಲ, ಆದರೆ ಸಾಲದ ಸರದ ಜೊತೆ ಸೇರಿದರೆ ಅದೂ ಒಂದು ಹೊರೆಯೇ. ಎಮ್ಮೆ ಕರು ಹಾಕಿತೇ, ಬ್ಯಾಡಗಿ ಮಾರುಕಟ್ಟೆಯಲ್ಲಿ ರೇಟು ಎಷ್ಟು, ಅಂಥದ್ದನ್ನು ಮಾತಾಡಿ ಅಂದೆ. ಸಿಇಟಿಯಲ್ಲಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ರೈತರ ಮಕ್ಕಳಿಗಿರುವ ಕೃಷಿಕ ಕೋಟಾಕ್ಕೆ ಬೇಕಾದ ಕಾಗದಪತ್ರಗಳನ್ನೂ ಮಾಡಿಸಿಡಲು ಹೇಳಿದೆ. ಬಿಎಸ್ಸಿ ಕೃಷಿಗೂ ಪಶುವೈದ್ಯಕ್ಕೂ ಆ ದಾರಿ ಇದೆ. ಇನ್ನೊಂದು ಬಾಗಿಲು ತೆರೆದಿದ್ದರೆ ಮಕ್ಕಳು ಓದುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ.

ಮೇ 4ರ ನೀಟ್‌ನಲ್ಲಿ ಭೌತಶಾಸ್ತ್ರ ಎಷ್ಟು ಕಠಿಣವಾಗಿತ್ತೆಂದು ಬರೆದವರಿಗೆಲ್ಲ ಗೊತ್ತು. "ಬಾಜೂಕಿನ ಹುಡುಗ ಪೆನ್ ಕೆಳಗಿಟ್ಟು ತಲಿ ಹಿಡಕೊಂಡ್ರೀ. ನಾ ಹತ್ತೊಂಬತ್ತಕ್ಕ ಅಡ್ಡಗೀಟು ಹಾಕಿದೆ" ಅಂದಳು. 438 ಬಂತು. ಅಪ್ಪ ಕುಸಿದುಹೋದರು, ವರ್ಷವಿಡೀ ಓದಿ 26 ಅಂಕ ಹೆಚ್ಚಾ ಎಂದು. 2024ರಲ್ಲಿ ಹಲವರಿಗೆ 720ಕ್ಕೆ 720 ಬಂದಿತ್ತು, 2025ರಲ್ಲಿ ದೇಶಕ್ಕೇ ಮೊದಲು ಬಂದವನಿಗೆ 686. ಅಂಕ ಬಿಟ್ಟು ರ‍್ಯಾಂಕ್ ನೋಡಿ ಎಂದು ಕೂಡಿಸಿ ವಿವರಿಸಬೇಕಾಯಿತು. ರ‍್ಯಾಂಕ್ ಬಹಳ ಮೇಲೆ ಬಂದಿತ್ತು. ಸರ್ಕಾರಿ ಎಂಬಿಬಿಎಸ್ ಸೀಟಿಗೆ ಮಾತ್ರ ಸಾಲಲಿಲ್ಲ. ಯಾವ ಸೀಟು ಬೇಕೆಂದು ಕ್ರಮವಾಗಿ ನಮೂದಿಸುವ ಆಪ್ಶನ್ ಎಂಟ್ರಿಯಲ್ಲಿ ಅವಳು ಪಶುವೈದ್ಯವನ್ನು ಮೇಲಿಟ್ಟಳು.

ಅಪ್ಪ ಮೊನ್ನೆ ಮತ್ತೆ ಫೋನ್ ಮಾಡಿದ್ದರು. "ಸಣ್ಣಾಕಿ ಈಗ ಪಿಯುಸಿ ಮೊದಲನೇ ವರ್ಷ ಅದಾಳ್ರೀ ಅಕ್ಕಾರ. ಆಕಿನ್ನ ಯಾವಾಗ ಕರ್ಕೊಂಡು ಬರ್ಲಿ?"

ಆಕೆಗೆ ಏನಾಗಿದೆ ಎಂದು ಕೇಳಿದೆ. ಏನೂ ಆಗಿಲ್ಲ, ಆರಾಮದಾಳ ಅಂದರು.