ಟೈಮ್ ಟ್ರಯಲ್‌ನಲ್ಲಿ ಸವಾರ ಒಬ್ಬನೇ ಹೋಗುತ್ತಾನೆ. ನೋಡುವವರಿಗೆ ಅಷ್ಟೊಂದು ಸಂಕಟವೇಕೆ?

ಮೂರು ವಾರ ಹಂತಹಂತವಾಗಿ ನಡೆಯುವ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನ 2020ರ ಇಪ್ಪತ್ತನೆಯ ಹಂತದ ದೃಶ್ಯಗಳನ್ನು ನೋಡಿದ ತಾವು, ಸವಾರರು ಒಬ್ಬೊಬ್ಬರಾಗಿ ಹೊರಟು ಒಬ್ಬೊಬ್ಬರಾಗಿಯೇ ಬಂದು ಸೇರುವ, ಹೆಗಲಿಗೆ ಹೆಗಲು ತಾಗದ ಇಂಥ ಸ್ಪರ್ಧೆಯನ್ನು ನೋಡಿ ಅಭಿಮಾನಿಗಳು ತಲೆಯ ಮೇಲೆ ಕೈ ಹೊತ್ತು ಕೂರುವುದೇಕೆ, ಕೆಲವರು ಕಣ್ಣೀರು ಹಾಕುವುದೇಕೆ ಎಂದು ಕೇಳಿದ್ದೀರಿ. ಆ ಹಂತವನ್ನು ನೇರ ಪ್ರಸಾರದಲ್ಲಿ ನೋಡುತ್ತಾ, ಮುರಿದ ರೊಟ್ಟಿಯ ತುಂಡು ಕೈಯಲ್ಲೇ ಒಣಗಿಹೋದದ್ದನ್ನೂ ಗಮನಿಸದೆ ಕೂತವನು ನಾನು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆಟದ ಕಟ್ಟಳೆಯನ್ನು ಹೇಳಿಬಿಡುತ್ತೇನೆ. ವೈಯಕ್ತಿಕ ಟೈಮ್ ಟ್ರಯಲ್‌ನಲ್ಲಿ ಸವಾರರು ಇಳಿಜಾರು ಹಲಗೆಯ ಮೇಲಿಂದ ನಿಗದಿತ ಅಂತರದಲ್ಲಿ ಹೊರಡುತ್ತಾರೆ; ಯಾರು ಕಡಿಮೆ ಸಮಯದಲ್ಲಿ ದಾರಿ ಮುಗಿಸುತ್ತಾರೋ ಅವರೇ ಗೆದ್ದಂತೆ. ಎಲ್ಲ ಹಂತಗಳ ಸಮಯ ಕೂಡಿಸಿದ ಒಟ್ಟು ಪಟ್ಟಿಯಲ್ಲಿ ಕೆಳಗಿರುವವರು ಮೊದಲು, ಮುಂಚೂಣಿಯಲ್ಲಿರುವವರು ಕೊನೆಗೆ, ಎಲ್ಲರಿಗಿಂತ ಕೊನೆಗೆ ಆ ಪಟ್ಟಿಯ ಮೊದಲಿಗರಾದ ಹಳದಿ ಅಂಗಿಯವರು. ಇನ್ನೊಬ್ಬರ ಹಿಂದೆ ಅಂಟಿಕೊಂಡು ಗಾಳಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ತಂಡದವರು ಕಾರಿನಲ್ಲಿ ಹಿಂದೆ ಬರಬಹುದು, ಕೂಗಿ ಹೇಳಬಹುದು, ಅಷ್ಟೇ. ಹೀಗಾಗಿ ಬರಿಗಣ್ಣಿಗೆ ಕಾಣುವುದಕ್ಕೂ ನಿಜವಾಗಿ ನಡೆಯುತ್ತಿರುವುದಕ್ಕೂ ಸಂಬಂಧವೇ ಇರುವುದಿಲ್ಲ. ಒಂದು ಕಿಲೊಮೀಟರು ಮುಂದಿರುವವರು ಸೋಲುತ್ತಿರಬಹುದು, ಹಿಂದಿರುವವರು ಗೆಲ್ಲುತ್ತಿರಬಹುದು.

ಇದು ನನಗೆ ಮನದಟ್ಟಾದದ್ದು ಯುರೋಪಿನಲ್ಲಲ್ಲ, ನಮ್ಮ ವಿಜಯಪುರದ ಹೆದ್ದಾರಿಯ ಬದಿಯಲ್ಲಿ. ನಮ್ಮ ರಾಜ್ಯದ ರಸ್ತೆ ಸೈಕ್ಲಿಂಗ್ ಎಂದರೆ ಬಹಳ ಮಟ್ಟಿಗೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರದ್ದೇ. ನನ್ನ ಅಣ್ಣನ ಮಗನೂ ಕೆಲವು ವರ್ಷ ತುಳಿದ. ಒಂದು ಸ್ಪರ್ಧೆಯ ದಿನ ಬೆಳಿಗ್ಗೆ ಸವಾರರು ತಿರುಗಿ ಹೋಗಬೇಕಾದ ಜಾಗದಲ್ಲಿ ನಾನು ಕೈಗಡಿಯಾರ ಹಿಡಿದು ನಿಂತಿದ್ದೆ. ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ಎತ್ತಿನ ಗಾಡಿ ನಿಲ್ಲಿಸಿ ಹತ್ತು ನಿಮಿಷ ನೋಡಿದರು. ಹೋಗುವ ಹುಡುಗರಿಗೆಲ್ಲ 'ಹೊಡಿ ತಮ್ಮಾ, ಹೊಡಿ' ಎಂದು ಭೇದವಿಲ್ಲದೆ ಕೂಗಿದರು. ಕೊನೆಗೆ ನನ್ನ ಕಡೆ ತಿರುಗಿ 'ಯಾರು ಮುಂದ ಅದಾರ್ರಿ?' ಎಂದು ಕೇಳಿದರು. ನಾನು ಚೀಟಿಯಲ್ಲಿ ಬರೆದುಕೊಂಡಿದ್ದ ಅಂಕಿಗಳನ್ನು ಕಳೆದು ನೋಡಿ, 'ಇನ್ನೂ ಬರದವ ಮುಂದ ಇರಬಹುದ್ರಿ' ಎಂದೆ. ನನ್ನ ತಲೆ ನೆಟ್ಟಗಿದೆಯೇ ಎಂದು ಒಮ್ಮೆ ನೋಡಿ ಅವರು ಗಾಡಿ ಹೊಡೆದುಕೊಂಡು ಹೋದರು.

ನಿಮ್ಮ ಪ್ರಶ್ನೆಗೆ ಉತ್ತರ ಆ ಚೀಟಿಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಟೈಮ್ ಟ್ರಯಲ್‌ನ ಅಭಿಮಾನಿ ಬರಿಯ ನೋಡುಗನಲ್ಲ, ಲೆಕ್ಕ ಹಾಕುವವನು. ಎದುರಿಗೆ ಕಾಣುವ ಸವಾರನ ಪಕ್ಕದಲ್ಲಿ ಕಾಣದ ಇನ್ನೊಬ್ಬ ಸವಾರನನ್ನು ಅವನು ಮನಸ್ಸಿನಲ್ಲೇ ಓಡಿಸುತ್ತಿರುತ್ತಾನೆ. ಉಳಿದ ಹಂತಗಳಲ್ಲಿ ಸೋಲು ಕಣ್ಣೆದುರೇ ಒಂದು ಕ್ಷಣದಲ್ಲಿ ಆಗಿಬಿಡುತ್ತದೆ. ಇಲ್ಲಿ ಅದು ಸಾಲ ಬೆಳೆದಂತೆ ಬೆಳೆಯುತ್ತದೆ, ಬೆಳೆಯುತ್ತಿರುವುದು ನೋಡುವವನಿಗೆ ಗೊತ್ತಿರುತ್ತದೆ, ತುಳಿಯುತ್ತಿರುವವನ ಕಿವಿಗೆ ಬಿದ್ದರೂ ಅವನು ಮಾಡಲು ಏನೂ ಉಳಿದಿರುವುದಿಲ್ಲ.

2020ರಲ್ಲಿ ಆದದ್ದು ಇದೇ. ಕೋವಿಡ್‌ನಿಂದಾಗಿ, ಜೂನ್ ಕೊನೆಗೆ ಆರಂಭವಾಗಬೇಕಿದ್ದ ಟೂರ್ ಆಗಸ್ಟ್ ಕೊನೆಗೆ ಆರಂಭವಾಗಿತ್ತು. ಸೆಪ್ಟೆಂಬರ್ 19ರ ಶನಿವಾರ, ಮರುದಿನ ಪ್ಯಾರಿಸ್‌ನಲ್ಲಿ ಮುಕ್ತಾಯ. ವೋಜ್ ಪರ್ವತಗಳ ಸೀಮೆಯಲ್ಲಿ ಲ್ಯೂರ್ ಎಂಬ ಊರಿನಿಂದ ಲಾ ಪ್ಲಾಂಶ್ ದೆ ಬೆಲ್ ಫೀ ಎಂಬ ಬೆಟ್ಟದ ತುದಿಯವರೆಗೆ 36.2 ಕಿಲೊಮೀಟರು; ಕೊನೆಯ ಸುಮಾರು 6 ಕಿಲೊಮೀಟರು ಕಡಿದಾದ ಏರು. ಒಂಬತ್ತನೆಯ ಹಂತದಿಂದಲೂ ಹಳದಿ ಅಂಗಿ ಪ್ರಿಮೋಜ್ ರೊಗ್ಲಿಚ್ ಅವರ ಮೈಮೇಲಿತ್ತು. ಎರಡನೆಯ ಸ್ಥಾನದಲ್ಲಿದ್ದ ತಾದೇಯ್ ಪೊಗಾಚಾರ್ 57 ಸೆಕೆಂಡು ಹಿಂದಿದ್ದರು, ಎರಡೇ ದಿನದಲ್ಲಿ ಅವರಿಗೆ 22 ತುಂಬುವುದಿತ್ತು. ಇಬ್ಬರೂ ಸ್ಲೊವೇನಿಯಾದವರು. ಹೆಚ್ಚುಕಡಿಮೆ 20 ಲಕ್ಷ ಜನಸಂಖ್ಯೆಯ, ಅದುವರೆಗೆ ಒಮ್ಮೆಯೂ ಟೂರ್ ಗೆಲ್ಲದ ದೇಶವದು. ಅಂದರೆ ಆ ದೇಶದ ಮನೆಗಳಲ್ಲಿ ಯಾರು ಗೆದ್ದರೂ ಹಬ್ಬವೇ ಆಗಬೇಕಿತ್ತು. ಆದರೆ ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಬಂದ ಬಹುಮಾನ ಇನ್ನೊಬ್ಬನ ಕೈಯಿಂದ ಕಿತ್ತುಕೊಂಡದ್ದಾದರೆ ಆ ಮನೆಯಲ್ಲಿ ಎಂಥ ಹಬ್ಬ?

ಹೊರಡುವಾಗ ಬಹುತೇಕರಿಗೆ ಇದು ಮುಗಿದ ಕಥೆಯಾಗಿತ್ತು. ರೊಗ್ಲಿಚ್ ಟೈಮ್ ಟ್ರಯಲ್‌ನಲ್ಲಿ ಪಳಗಿದವರು, ಅವರ ಯುಂಬೊ-ವಿಸ್ಮಾ ತಂಡ ಮೂರು ವಾರ ಎಲ್ಲರನ್ನೂ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಅದೇ ಬೇಸಿಗೆಯಲ್ಲಿ ಸ್ಲೊವೇನಿಯಾದ ರಾಷ್ಟ್ರೀಯ ಟೈಮ್ ಟ್ರಯಲ್‌ನಲ್ಲಿ ಪೊಗಾಚಾರ್ ಇದೇ ರೊಗ್ಲಿಚ್ ಅವರನ್ನು ಸೋಲಿಸಿದ್ದರು ಎಂಬುದನ್ನು ನೆನಪಿಟ್ಟವರು ಕಡಿಮೆ. ಪರದೆಯ ಮೂಲೆಯಲ್ಲಿ ಎರಡು ಅಂಕಿಗಳು ಓಡುತ್ತಿದ್ದವು. ದಾರಿಯ ನಡುವೆ ಸಮಯ ಅಳೆಯುವ ಮೊದಲ ಜಾಗದಲ್ಲಿ ಪೊಗಾಚಾರ್ ಕೆಲವು ಸೆಕೆಂಡು ಮುಂದೆ, ಪರವಾಗಿಲ್ಲ ಎಂದುಕೊಂಡೆವು. ಏರಿನ ಬುಡಕ್ಕೆ ಬರುವಷ್ಟರಲ್ಲಿ ಅಂತರ ಅರ್ಧ ನಿಮಿಷ ದಾಟಿತ್ತು. ಆಗಲೂ ಹಳದಿ ಅಂಗಿ ರೊಗ್ಲಿಚ್ ಅವರದೇ, ಆದರೆ ಕೂತಿದ್ದವನು ಎದ್ದು ನಿಂತೆ. ಅಲ್ಲಿ ಇಬ್ಬರೂ ಟೈಮ್ ಟ್ರಯಲ್ ಸೈಕಲ್ ಬಿಟ್ಟು ಹಗುರವಾದ ರಸ್ತೆ ಸೈಕಲ್ ಹತ್ತಿದರು. ರೊಗ್ಲಿಚ್ ಅವರ ಬದಲಾವಣೆ ತಡವರಿಸಿದಂತಿತ್ತು. ಹೆಲ್ಮೆಟ್ ತಲೆಯ ಮೇಲೆ ಸರಿಯಾಗಿ ಕೂರದೆ ಮೇಲಕ್ಕೆ ಸರಿದಿತ್ತು, ಮುಖ ಬಿಳಿಚಿಕೊಂಡಿತ್ತು, ಪೆಡಲು ತುಳಿಯುವ ಕಾಲುಗಳಿಗೂ ಮೇಲಿನ ಮೈಗೂ ಹೊಂದಾಣಿಕೆ ತಪ್ಪಿಹೋಗಿತ್ತು. ಆ ಓರೆಯಾದ ಹೆಲ್ಮೆಟ್ಟನ್ನು ಯಾರಾದರೂ ಕೈ ಚಾಚಿ ಸರಿಮಾಡಬಾರದೇ ಎಂದು ನನಗೆ ಅನ್ನಿಸಿದ್ದು ಇವತ್ತಿಗೂ ನೆನಪಿದೆ, ಅದರಿಂದ ಒಂದು ಸೆಕೆಂಡೂ ಉಳಿಯುತ್ತಿರಲಿಲ್ಲ ಎಂಬುದು ಗೊತ್ತಿದ್ದೂ.

ಪೊಗಾಚಾರ್ 55 ನಿಮಿಷ 55 ಸೆಕೆಂಡಿನಲ್ಲಿ ಬಂದರು. ಎರಡನೆಯವರಾದ ಟಾಮ್ ಡ್ಯೂಮೂಲಾನ್ 1 ನಿಮಿಷ 21 ಸೆಕೆಂಡು ಹಿಂದೆ; ರೊಗ್ಲಿಚ್ ಐದನೆಯವರು, 1 ನಿಮಿಷ 56 ಸೆಕೆಂಡು ಹಿಂದೆ. 57 ಸೆಕೆಂಡಿನ ಮುನ್ನಡೆ 59 ಸೆಕೆಂಡಿನ ಹಿನ್ನಡೆಯಾಗಿ ತಿರುಗಿತು. ಇಲ್ಲಿ ಗಮನಿಸಬೇಕಾದದ್ದು, ರೊಗ್ಲಿಚ್ ತೀರಾ ಕೆಟ್ಟದಾಗಿಯೇನೂ ಓಡಿಸಿರಲಿಲ್ಲ. ಅಷ್ಟು ದೊಡ್ಡ ಪಟ್ಟಿಯಲ್ಲಿ ಐದನೆಯ ಸ್ಥಾನ ಎಂದರೆ ಬೇರೆ ಯಾವುದೇ ದಿನ ಮರ್ಯಾದೆಯ ಫಲಿತಾಂಶ. ಅಭಿಮಾನಿಗಳನ್ನು ಕಲಕಿದ್ದು ಇದೇ ಎಂದು ತೋರುತ್ತದೆ. ಗುಂಪಿನ ಓಟದಲ್ಲಿ ಸೋತರೆ ಬೈಯಲು ಯಾರಾದರೂ ಸಿಗುತ್ತಾರೆ: ತಂಡದವರು ಕೈಬಿಟ್ಟರು, ಅಡ್ಡ ಬಿದ್ದವನೊಬ್ಬ ಕೆಡಿಸಿದ, ಗಾಳಿ ತಿರುಗಿತು. ಪೊಗಾಚಾರ್ ಅವರೇ ಅದೇ ಟೂರ್‌ನ ಏಳನೆಯ ಹಂತದಲ್ಲಿ ಅಡ್ಡಗಾಳಿಗೆ ಸಿಕ್ಕಿ 1 ನಿಮಿಷ 21 ಸೆಕೆಂಡು ಕಳೆದುಕೊಂಡಾಗ ಅಂಥ ನೂರು ಸಮಾಧಾನಗಳಿದ್ದವು. ಲಾ ಪ್ಲಾಂಶ್‌ನಲ್ಲಿ ಒಂದೂ ಇರಲಿಲ್ಲ. ಸಿಟ್ಟು ತೋರಿಸಲು ಜಾಗವಿಲ್ಲದಾಗ ಮನುಷ್ಯನಿಗೆ ಉಳಿಯುವುದು ಅಳು ಮಾತ್ರ.

ನೀವು ನೋಡಿದ, ತಲೆಯ ಮೇಲೆ ಕೈ ಹೊತ್ತವರ ಮುಖಗಳ ಜೊತೆಗೆ ಇನ್ನೆರಡು ಮುಖಗಳನ್ನು ಹುಡುಕಿ ನೋಡಿ. ರೊಗ್ಲಿಚ್ ಅವರ ತಂಡದವರೇ ಆದ ಡ್ಯೂಮೂಲಾನ್ ಮತ್ತು ವೌಟ್ ವಾನ್ ಆರ್ಟ್ ತಮ್ಮ ಓಟ ಮುಗಿಸಿ ಪರದೆಯ ಮುಂದೆ ಇದ್ದರು. ಕ್ಯಾಮೆರಾ ಅವರ ಕಡೆ ತಿರುಗಿದಾಗಲೆಲ್ಲ ಅವರ ಬಾಯಿ ಇನ್ನಷ್ಟು ತೆರೆದಿರುತ್ತಿತ್ತು. ಜಗತ್ತಿನ ಅತ್ಯುತ್ತಮ ಟೈಮ್ ಟ್ರಯಲ್ ಸವಾರರ ಸಾಲಿನಲ್ಲಿರುವ ಆ ಇಬ್ಬರೂ ಆ ಹೊತ್ತಿನಲ್ಲಿ ನಮ್ಮಂತೆಯೇ ಬರಿಯ ನೋಡುಗರಾಗಿದ್ದರು. ಗೆರೆ ದಾಟಿದ ರೊಗ್ಲಿಚ್ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು ಹೋಗಿ ಪೊಗಾಚಾರ್ ಅವರನ್ನು ಅಪ್ಪಿಕೊಂಡರು. ಅಲ್ಲಿಯವರೆಗೆ ಅವರನ್ನು ಯಂತ್ರದಂತೆ ಓಡಿಸುವವರು ಎಂದು ಇಷ್ಟಪಡದಿದ್ದ ಎಷ್ಟೋ ಜನ ಆ ಅಪ್ಪುಗೆಯ ನಂತರ ಅವರ ಅಭಿಮಾನಿಗಳಾದರು. ಅವರಲ್ಲಿ ನಾನೂ ಒಬ್ಬ.

ಎಲ್ಲರೂ ಬೆರಗಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಅನುಮಾನಪಟ್ಟವರೂ ಬಹಳ ಮಂದಿ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳು ಟೂರ್ ಪ್ರಶಸ್ತಿಗಳನ್ನು ಉದ್ದೀಪನ ಮದ್ದಿನ ಕಾರಣಕ್ಕೆ 2012ರಲ್ಲಿ ಕಿತ್ತುಕೊಂಡ ಮೇಲೆ, ಈ ಆಟದಲ್ಲಿ ಅಸಾಧಾರಣವಾದದ್ದು ನಡೆದಾಗಲೆಲ್ಲ ಚಪ್ಪಾಳೆಯ ಜೊತೆಗೆ ಗುಸುಗುಸು ಹುಟ್ಟುವುದು ವಾಡಿಕೆಯಾಗಿದೆ. 2023ರ ಟೂರ್‌ನಲ್ಲಿ ಪಾಸಿಯಿಂದ ಕೊಂಬ್ಲೂವರೆಗಿನ 22.4 ಕಿಲೊಮೀಟರಿನಲ್ಲಿ ಯೋನಸ್ ವಿಂಗೆಗಾರ್ಡ್ ಅವರು ಪೊಗಾಚಾರ್ ಅವರನ್ನು 1 ನಿಮಿಷ 38 ಸೆಕೆಂಡಿನಿಂದ ಸೋಲಿಸಿದಾಗಲೂ ಹಾಗೆಯೇ ಆಯಿತು. ಆಧಾರವಿಲ್ಲದೆ ಯಾರ ಮೇಲೂ ಕೆಸರು ಎರಚುವುದು ತಪ್ಪು. ಆದರೆ ಹಿಂದೆ ಮೋಸಹೋದ ಅಭಿಮಾನಿ ಗಡಿಯಾರವನ್ನೇ ನಂಬಲಾರದೆ ಒದ್ದಾಡುವುದನ್ನು ನಾನು ಹಳಿಯಲಾರೆ.

ಇಷ್ಟು ಹೊತ್ತು ನೋಡುಗನ ಕೈಯಲ್ಲಿ ಏನೂ ಇಲ್ಲ ಎಂದೆ. ಅದಕ್ಕೆ ವಿರುದ್ಧವಾದ ಒಂದು ಘಟನೆಯೂ ಇದೆ, ಅದರಲ್ಲಿಯೂ ಇರುವವರು ರೊಗ್ಲಿಚ್ ಅವರೇ. 2023ರ ಮೇ 27, ಟೂರ್‌ನಂತೆಯೇ ಮೂರು ವಾರ ನಡೆಯುವ ಇಟಲಿಯ ಸ್ಪರ್ಧೆ ಜಿರೋ ಡಿ ಇಟಾಲಿಯಾದ ಇಪ್ಪತ್ತನೆಯ ಹಂತ, ತರ್ವಿಸಿಯೊದಿಂದ ಮೌಂಟ್ ಲುಸ್ಸಾರಿಯ ಮೇಲಿನ ಇಗರ್ಜಿಯವರೆಗೆ 18.6 ಕಿಲೊಮೀಟರು. ಇಟಲಿ, ಆಸ್ಟ್ರಿಯಾ, ಸ್ಲೊವೇನಿಯಾ ಮೂರೂ ದೇಶಗಳ ಗಡಿ ಸೇರುವ ಮೂಲೆ ಅದು. ಮೂರೂ ಕಡೆಯ ಭಕ್ತರು ಹತ್ತಿ ಬರುವ ಬೆಟ್ಟ. ಆ ದಿನ ಅದು ಸ್ಲೊವೇನಿಯಾದವರ ಜಾತ್ರೆಯಾಗಿತ್ತು. ಜಿರೋದಲ್ಲಿ ಮೊದಲಿಗರು ತೊಡುವ ಗುಲಾಬಿ ಅಂಗಿಯಲ್ಲಿದ್ದ ಗೆರೈಂಟ್ ಥಾಮಸ್ ಅವರಿಗಿಂತ ರೊಗ್ಲಿಚ್ 26 ಸೆಕೆಂಡು ಹಿಂದಿದ್ದರು. ಏರಿನಲ್ಲಿ ಅವರು ಮುನ್ನಡೆ ಪಡೆಯುತ್ತಿದ್ದಾಗಲೇ ರಸ್ತೆಯ ಒರಟಿಗೆ ಚೈನು ಕಳಚಿಕೊಂಡಿತು. ನೆರೆದ ಜನರ ಕೂಗು ಒಮ್ಮೆಲೇ ಬೇರೆ ಬಗೆಯದಾಯಿತು; ಮೂರು ವರ್ಷದ ಹಿಂದಿನ ಶನಿವಾರ ಎಲ್ಲರಿಗೂ ನೆನಪಾಗಿರಬೇಕು. ಅವರು ಇಳಿದು, ಬಗ್ಗಿ, ಕೈಯಿಂದಲೇ ಚೈನು ಸೇರಿಸಿ ಮತ್ತೆ ಹತ್ತಿದರು. ಅಷ್ಟು ಕಡಿದಾದ ಏರಿನಲ್ಲಿ ನಿಂತ ಸೈಕಲ್ಲನ್ನು ಮತ್ತೆ ಹೊರಡಿಸುವುದು ಸುಲಭವಲ್ಲ. ಬದಿಯಲ್ಲಿದ್ದ ಪ್ರೇಕ್ಷಕರೊಬ್ಬರು ಅವರ ಬೆನ್ನಿಗೆ ಕೈಕೊಟ್ಟು ಓಡುತ್ತಾ ನೂಕಿದರು. ಆ ಪ್ರೇಕ್ಷಕರು ಯಾರೋ ಅಪರಿಚಿತರಲ್ಲ ಎಂಬುದು ಆಮೇಲೆ ತಿಳಿಯಿತು. ರೊಗ್ಲಿಚ್ ಸೈಕಲ್ಲಿಗೆ ಬರುವ ಮೊದಲು ಸ್ಕೀ ಜಂಪಿಂಗ್ ಮಾಡುತ್ತಿದ್ದವರು. 2007ರ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರ ಜೊತೆ ತಂಡ ವಿಭಾಗದ ಚಿನ್ನ ಗೆದ್ದಿದ್ದ ಹಳೆಯ ಸಂಗಾತಿ ಅವರು. ಕಥೆಗಾರರೊಬ್ಬರು ಹೀಗೆ ಬರೆದಿದ್ದರೆ ತೀರಾ ಹೊಂದಿಸಿದಂತಿದೆ ಎಂದು ನಾವೇ ತಕರಾರು ತೆಗೆಯುತ್ತಿದ್ದೆವು. ರೊಗ್ಲಿಚ್ ಥಾಮಸ್ ಅವರಿಗಿಂತ 40 ಸೆಕೆಂಡು ಬೇಗ ಬಂದು ಹಂತವನ್ನೂ, 14 ಸೆಕೆಂಡಿನ ಅಂತರದಲ್ಲಿ ಜಿರೋವನ್ನೂ ಗೆದ್ದರು.

ಆ ದಿನವೂ ನನಗೆ ಪೂರ್ತಿ ಸಂತೋಷ ಆಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಎರಡು ದಿನದ ಹಿಂದಷ್ಟೇ 37 ತುಂಬಿದ್ದ ಥಾಮಸ್ ಅವರ ಅಭಿಮಾನಿಗಳು ಈ ಸಲ ಆ ಸಾಲ ಬೆಳೆಯುವುದನ್ನು ನೋಡುವ ಸರದಿಯಲ್ಲಿದ್ದರು. ಟೈಮ್ ಟ್ರಯಲ್ ನೋಡಿ ಪಳಗಿದವರಿಗೆ ಇದೊಂದು ಕಷ್ಟ, ಎದುರಾಳಿಯ ಲೆಕ್ಕವನ್ನೂ ತಾವೇ ಹಾಕಿರುವುದರಿಂದ ಅವನ ನಷ್ಟವೂ ಅರ್ಧ ತಮ್ಮದೇ ಆಗಿರುತ್ತದೆ. ಲೆಕ್ಕಕ್ಕೆ ಕೆಲಸವಿಲ್ಲದಿದ್ದರೆ ಸಂಕಟವೂ ಇಲ್ಲ. 2024ರ ಟೂರ್ ಒಲಿಂಪಿಕ್ಸ್‌ನ ಕಾರಣಕ್ಕೆ ಪ್ಯಾರಿಸ್ ಬಿಟ್ಟು ನೀಸ್‌ನಲ್ಲಿ ಟೈಮ್ ಟ್ರಯಲ್‌ನೊಂದಿಗೆ ಮುಗಿದಾಗ ಪೊಗಾಚಾರ್ 5 ನಿಮಿಷಕ್ಕೂ ಹೆಚ್ಚು ಮುಂದಿದ್ದರು. ಜನ ಹಾಡಿದರು, ಕುಣಿದರು, ನಾನು ಹೊಟ್ಟೆ ತುಂಬ ಊಟ ಮಾಡಿದೆ.

ನೀವು ಈ ಆಟಕ್ಕೆ ಹೊಸಬರಾದರೆ 1989ರ ಟೂರ್‌ನ ಕೊನೆಯ ದಿನದ ದೃಶ್ಯವನ್ನೊಮ್ಮೆ ಕೈಗಡಿಯಾರ ಇಟ್ಟುಕೊಂಡು ನೋಡಿ. ಜುಲೈ 23, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೊಮೀಟರು. ಫ್ರಾನ್ಸ್‌ನ ಲಾರಾಂ ಫಿನ್ಯೋಂ 50 ಸೆಕೆಂಡು ಮುಂದಿದ್ದರು. ಬರಿದಲೆ, ಹಿಂದೆ ಕಟ್ಟಿದ ಜುಟ್ಟು. ಅಮೆರಿಕದ ಗ್ರೆಗ್ ಲೆಮಾಂಡ್ ಮುಂದಕ್ಕೆ ಚಾಚಿದ ಹಿಡಿಕೆಯ ಮೇಲೆ ಮೊಣಕೈ ಊರಿ, ಬಾಲವುಳ್ಳ ಹೆಲ್ಮೆಟ್ ತೊಟ್ಟು, ನಡುವಿನ ಸಮಯಗಳನ್ನು ತನಗೆ ಹೇಳಲೇಬೇಡಿ ಎಂದು ತಂಡದವರಿಗೆ ತಿಳಿಸಿ ಹೊರಟಿದ್ದರು. ಅವರು ಕೇಳಲು ಒಲ್ಲೆನೆಂದ ಅಂಕಿಗಳನ್ನೇ ಉಳಿದ ಜಗತ್ತೆಲ್ಲ ಕಿವಿಗೊಟ್ಟು ಕೇಳುತ್ತಿತ್ತು. ಲೆಮಾಂಡ್ 26 ನಿಮಿಷ 57 ಸೆಕೆಂಡಿಗೆ ಬಂದರು. ಹಳದಿ ಅಂಗಿ ಉಳಿಯಬೇಕಾದರೆ ಫಿನ್ಯೋಂ 27 ನಿಮಿಷ 47 ಸೆಕೆಂಡಿನೊಳಗೆ ಗೆರೆ ಮುಟ್ಟಬೇಕಿತ್ತು. ಮೂರು ವಾರ, 3,200 ಕಿಲೊಮೀಟರಿಗೂ ಹೆಚ್ಚು ದೂರ ತುಳಿದು ಬಂದವರು ಪ್ಯಾರಿಸ್‌ನ ಶಾಂಜೆಲೀಜೆ ಬೀದಿಯ ಮೇಲೆ, ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದಾಗ ಆ ಅಂಕಿ ಬಂದು ದಾಟಿಹೋಗುತ್ತದೆ. ಅಲ್ಲಿಂದ ಅವರು ಗೆರೆ ಮುಟ್ಟುವವರೆಗಿನ ಎಂಟು ಸೆಕೆಂಡನ್ನು ನೀವೇ ಎಣಿಸಿ.