ಒಂದೇ ರಿವರ್ಬ್ ಪ್ಲಗಿನ್‌ನಲ್ಲಿ ಎಲ್ಲ ಕೆಲಸ ಆಗುತ್ತಾ?

ಪ್ರಶ್ನೆ: ಮನೆಯ ಚಿಕ್ಕ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡುತ್ತೇನೆ. ದನಿ, ಅಕೌಸ್ಟಿಕ್ ಗಿಟಾರ್, ಸ್ವಲ್ಪ ಕೀಬೋರ್ಡ್, ಪ್ರೋಗ್ರಾಮ್ ಮಾಡಿದ ಡ್ರಮ್ಸ್, ಇಷ್ಟೇ. ಲ್ಯಾಪ್‌ಟಾಪ್ ಹಳೆಯದು. ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆ ಬಂದ ರಿವರ್ಬ್ (ಸದ್ದಿಗೆ ಕೋಣೆಯ ಅನುರಣನ ಸೇರಿಸುವ ಪ್ಲಗಿನ್) ಹಾಕಿದರೆ ದನಿ ಎಲ್ಲೋ ದೂರ ಹೋಗುತ್ತದೆ, ಪದಗಳು ಕಲಸಿಹೋಗುತ್ತವೆ. ಜಾಸ್ತಿ ದುಡ್ಡು ಹಾಕಲು ಆಗುವುದಿಲ್ಲ. ಎಲ್ಲದಕ್ಕೂ ಒದಗುವ ಒಂದೇ ರಿವರ್ಬ್ ತೆಗೆದುಕೊಳ್ಳುವುದಾದರೆ ಯಾವುದು? ಲೆಕ್ಕದಿಂದ ಸದ್ದು ಹುಟ್ಟಿಸುವ ಅಲ್ಗಾರಿದಮಿಕ್ ಒಳ್ಳೆಯದಾ, ನಿಜವಾದ ಜಾಗದ ಸದ್ದನ್ನು ಹಿಡಿದಿಟ್ಟ ಕನ್ವಲ್ಯೂಷನ್ ಒಳ್ಳೆಯದಾ?

ಉತ್ತರ: ಒಂದೇ ಬೇಕು ಅಂದರೆ ಅಲ್ಗಾರಿದಮಿಕ್ ರಿವರ್ಬ್ ತೆಗೆದುಕೊಳ್ಳಿ. ದುಡ್ಡು ಕೊಡುವುದಾದರೆ ನನ್ನ ಆಯ್ಕೆ ವಲ್ಹಾಲಾ ವಿಂಟೇಜ್‌ವರ್ಬ್. ಕೊಡುವುದು ಬೇಡ ಅಂದರೆ ಒರಿಲ್‌ರಿವರ್ ಅಥವಾ ಡ್ರಾಗನ್‌ಫ್ಲೈ, ಎರಡೂ ಉಚಿತ. ಕಾರಣ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ನೀವು ಹೇಳಿದ ತೊಂದರೆ ಇದೆಯಲ್ಲ, ದನಿ ದೂರ ಹೋಗುವುದು, ಪದ ಕಲಸಿಹೋಗುವುದು, ಅದು ಹೊಸ ಪ್ಲಗಿನ್ ಕೊಂಡ ಮಾತ್ರಕ್ಕೆ ಹೋಗುವುದಿಲ್ಲ. ಈಗ ನಿಮ್ಮ ಬಳಿ ಇರುವ ರಿವರ್ಬ್‌ನಲ್ಲೇ ಅದನ್ನು ಮುಕ್ಕಾಲು ಪಾಲು ಸರಿಪಡಿಸಬಹುದು.

ನೀವು ಬಹುಶಃ ರಿವರ್ಬನ್ನು ನೇರವಾಗಿ ದನಿಯ ಟ್ರ್ಯಾಕ್ ಮೇಲೆ ಕೂರಿಸಿ, ಮಿಕ್ಸ್ ನಾಬ್ ತಿರುಗಿಸುತ್ತಿದ್ದೀರಿ. ಅದರ ಬದಲು ಒಂದು ಬೇರೆ ಸೆಂಡ್ ಟ್ರ್ಯಾಕ್ ಮಾಡಿ. ಅಲ್ಲಿ ರಿವರ್ಬ್ ಹಾಕಿ, ವೆಟ್ (ರಿವರ್ಬ್ ಆದ ಸದ್ದಿನ ಪಾಲು) ಪೂರ್ತಿ 100% ಇಡಿ. ದನಿ, ಗಿಟಾರ್, ಕೀಬೋರ್ಡ್‌ನಿಂದ ಬೇಕಾದಷ್ಟನ್ನು ಮಾತ್ರ ಅಲ್ಲಿಗೆ ಕಳಿಸಿ. ಮೂಲ ದನಿ ತನ್ನ ಜಾಗದಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಹತ್ತು ಟ್ರ್ಯಾಕ್ ಇದ್ದರೂ ಓಡುವುದು ಒಂದೇ ಪ್ಲಗಿನ್. ಹಳೆಯ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಎಲ್ಲ ವಾದ್ಯಗಳೂ ಒಂದೇ ಜಾಗದಲ್ಲಿ ಕೂತು ನುಡಿಸಿದಂತೆ ಕೇಳುವುದು ಇನ್ನೊಂದು ಲಾಭ.

ಎರಡನೆಯದು ಪ್ರಿ-ಡಿಲೇ. ಮೂಲ ದನಿ ಬಂದು ಎಷ್ಟು ಹೊತ್ತಿಗೆ ರಿವರ್ಬ್ ಶುರುವಾಗಬೇಕು ಅನ್ನುವುದನ್ನು ಇದು ತೀರ್ಮಾನಿಸುತ್ತದೆ. ಇದನ್ನು ಮುಟ್ಟದೆ ಬಿಡುವವರು ತುಂಬಾ ಜನ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ದೊಡ್ಡ ಹಾಲ್‌ನಲ್ಲಿ ಹಾಡುವವರು ನಿಮ್ಮ ಪಕ್ಕದಲ್ಲೇ ನಿಂತಿದ್ದರೆ ದನಿ ಕೂಡಲೇ ಕಿವಿಗೆ ಬರುತ್ತದೆ. ಗೋಡೆಗೆ ಹೋಗಿ ಬರುವ ಸದ್ದು ತಡವಾಗಿ ಬರುತ್ತದೆ. ಅವರು ಆ ಕಡೆ ಗೋಡೆಯ ಹತ್ತಿರ ನಿಂತರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ಹಾಗಾಗಿ ಪ್ರಿ-ಡಿಲೇ ಸೊನ್ನೆ ಇಟ್ಟು ದೊಡ್ಡ ಹಾಲ್ ಹಾಕಿದರೆ, ಹಾಡುವವರು ದೂರದಲ್ಲಿದ್ದಾರೆ ಅಂತ ಕಿವಿ ಅಂದುಕೊಳ್ಳುತ್ತದೆ. ದನಿಗೆ 20ರಿಂದ 40 ಮಿಲಿಸೆಕೆಂಡ್ ಕೊಟ್ಟು ನೋಡಿ. ಹಾಡಿನ ವೇಗಕ್ಕೆ ಹೊಂದಬೇಕು ಅಂದರೆ 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಸಂಖ್ಯೆ) ಭಾಗಿಸಿ. 100 ಬಿಪಿಎಂ ಹಾಡಿಗೆ ಒಂದು ಬೀಟ್ 600 ಮಿಲಿಸೆಕೆಂಡ್ ಆಗುತ್ತದೆ, ಅದರ ಹದಿನಾರನೇ ಒಂದು ಭಾಗ 37.5. ಅಲ್ಲಿಂದ ಶುರು ಮಾಡಿ, ಆಮೇಲೆ ಕಿವಿ ಹೇಳಿದ ಕಡೆ ಸರಿಸಿ.

ಮೂರನೆಯದು ಫಿಲ್ಟರ್. ರಿವರ್ಬ್‌ಗೆ ಹೋಗುವ ಸದ್ದಿನಲ್ಲಿ 600 ಹರ್ಟ್ಸ್‌ಗಿಂತ ಕೆಳಗಿನದನ್ನೂ 10 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಕತ್ತರಿಸುವುದು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋ ಹೆಸರಿನಲ್ಲಿ ಪ್ರಸಿದ್ಧವಾದ ಉಪಾಯ. 600 ನಿಮಗೆ ಜಾಸ್ತಿ ಅನ್ನಿಸಿದರೆ 250ರಿಂದ ಶುರು ಮಾಡಿ. ಕೆಳಗಿನ ಸದ್ದಿನ ಬಾಲ, ಅಂದರೆ ನಿಧಾನವಾಗಿ ಆರಿಹೋಗುವ ರಿವರ್ಬ್, ಒಂದರ ಮೇಲೊಂದು ಬೀಳುವುದರಿಂದಲೇ ಹಾಡು ಮಸುಕಾಗುವುದು. ಮೇಲೆ ಕತ್ತರಿಸಿದರೆ ‘ಸ’, ‘ಶ’ ಅಕ್ಷರಗಳು ಬುಸುಗುಟ್ಟುವುದು ನಿಲ್ಲುತ್ತದೆ.

ಡಿಕೇ ಟೈಮ್ ಬಗ್ಗೆಯೂ ಹೇಳಬೇಕು. ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯ ಇದು. ಇದನ್ನು ಮೊದಲು ಶಿಸ್ತಾಗಿ ಅಳೆದವರು ಅಮೆರಿಕದ ಭೌತವಿಜ್ಞಾನಿ ವ್ಯಾಲೆಸ್ ಸೇಬೈನ್. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸದ ಹಾಲ್‌ನಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ, ಅದನ್ನು ಸರಿ ಮಾಡುವ ಕೆಲಸ ಅವರ ಪಾಲಿಗೆ ಬಂತು. ಆರ್ಗನ್ ಪೈಪ್ ಊದಿಸಿ, ಕಾಲವನ್ನು ಅಳೆದು, ಕುಶನ್‌ಗಳನ್ನು ತಂದಿಟ್ಟು ನೋಡಿದರು. ಖಾಲಿ ಹಾಲ್‌ನಲ್ಲಿ ಸದ್ದು ಐದು ಸೆಕೆಂಡಿಗೂ ಜಾಸ್ತಿ ಉಳಿಯುತ್ತಿತ್ತು. ಒಂದು ಪದ ಮುಗಿಯುವ ಮೊದಲೇ ಮುಂದಿನ ಹತ್ತಾರು ಪದ ಅದರ ಮೇಲೆ ಬೀಳುತ್ತಿದ್ದವು. ನಿಮ್ಮ ಹಾಡಿನಲ್ಲಿ ಆಗುತ್ತಿರುವುದೂ ಇದೇ. ಪದ ಜಾಸ್ತಿ ಇರುವ ಹಾಡಿಗೆ 1.2ರಿಂದ 1.8 ಸೆಕೆಂಡ್ ಸಾಕು. ನಿಧಾನದ ಹಾಡಾದರೆ ಎರಡೂವರೆವರೆಗೆ ಹೋಗಿ.

ಇಷ್ಟು ಮಾಡಿ ಒಂದು ಹಾಡು ಮುಗಿಸಿ ನೋಡಿ. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆ ಬಂದದ್ದೇ ಸಾಕು: ಲಾಜಿಕ್ ಇದ್ದರೆ ಕ್ರೋಮಾವರ್ಬ್, ರೀಪರ್ ಇದ್ದರೆ ರಿಯಾವರ್ಬೇಟ್, ಕ್ಯೂಬೇಸ್ ಇದ್ದರೆ ರೂಮ್‌ವರ್ಕ್ಸ್, ಯಾವುದಾದರೂ ಸರಿ. ಆಮೇಲೂ ಏನೋ ಕೊರತೆ ಕೇಳಿಸಿದರೆ ಆಗ ಕೊಳ್ಳಿ. ಆಗ ಏನು ಕೊರತೆ ಅಂತ ನಿಮಗೇ ಗೊತ್ತಿರುತ್ತದೆ, ಅದೇ ದೊಡ್ಡದು.

ಈಗ ಅಲ್ಗಾರಿದಮಿಕ್ ಯಾಕೆ ಅಂತ. ಕನ್ವಲ್ಯೂಷನ್ ರಿವರ್ಬ್ ನಿಜವಾದ ಒಂದು ಜಾಗದ ಫೋಟೋ ಇದ್ದ ಹಾಗೆ. ಆ ಜಾಗದಲ್ಲಿ ಬಲೂನ್ ಒಡೆದೋ, ಕೆಳಗಿನಿಂದ ಮೇಲಕ್ಕೆ ಹೋಗುವ ಒಂದು ಸ್ವರ ನುಡಿಸಿಯೋ ಇಂಪಲ್ಸ್, ಅಂದರೆ ಆ ಜಾಗ ಸದ್ದಿಗೆ ಹೇಗೆ ಉತ್ತರಿಸುತ್ತದೆ ಅನ್ನುವ ದಾಖಲೆ, ಹಿಡಿದಿರುತ್ತಾರೆ. ಆ ಜಾಗದ ಗುಣ ಅಚ್ಚಳಿಯದೆ ಬರುತ್ತದೆ, ಅದು ನಿಜಕ್ಕೂ ಸೊಗಸು. ಆದರೆ ಬದಲಾಯಿಸಲು ಹೋದರೆ ಅಷ್ಟಾಗಿ ಬಗ್ಗುವುದಿಲ್ಲ. ಬಾಲವನ್ನು ತುಸು ಕತ್ತರಿಸಬಹುದು, ಎಳೆಯಬಹುದು. ಕೋಣೆಯನ್ನೇ ಚಿಕ್ಕದು ದೊಡ್ಡದು ಮಾಡಿದರೆ ಸಹಜತೆ ಹೋಗುತ್ತದೆ. ಒಳ್ಳೆಯ ಇಂಪಲ್ಸ್ ಹುಡುಕುವುದರಲ್ಲೇ ಸಂಜೆ ಕಳೆದುಹೋಗುತ್ತದೆ.

ಅಲ್ಗಾರಿದಮಿಕ್ ರಿವರ್ಬ್ ಲೆಕ್ಕದಿಂದ ಹುಟ್ಟುವ ಸದ್ದು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ ಇದಕ್ಕೆ ದಾರಿ ತೋರಿಸಿದರು. ಇಲ್ಲಿ ಗಾತ್ರ, ಬಾಲ, ಬಣ್ಣ ಎಲ್ಲವೂ ನಿಮ್ಮ ಕೈಯಲ್ಲಿ. ಒಂದೇ ಪ್ಲಗಿನ್ ಡ್ರಮ್ಸ್‌ಗೆ ಚಿಕ್ಕ ಕೋಣೆಯಾಗುತ್ತದೆ, ಕೀಬೋರ್ಡ್‌ಗೆ ದೊಡ್ಡ ಹಾಲ್ ಆಗುತ್ತದೆ. ನಿಮಗೆ ಬೇಕಾದದ್ದು ಅದೇ ತಾನೆ?

ಕೊಳ್ಳುವ ಪ್ಲಗಿನ್‌ನಲ್ಲಿ ಪ್ಲೇಟ್ ಇರಲೇಬೇಕು, ಇದರಲ್ಲಿ ರಾಜಿ ಬೇಡ. 1957ರಲ್ಲಿ ಜರ್ಮನಿಯಿಂದ ಬಂದ ಇಎಂಟಿ 140 ಅನ್ನುವ ಯಂತ್ರದಲ್ಲಿ ತೂಗುಹಾಕಿದ ದೊಡ್ಡ ಉಕ್ಕಿನ ತಗಡನ್ನು ನಡುಗಿಸಿ ರಿವರ್ಬ್ ತೆಗೆಯುತ್ತಿದ್ದರು. ಒಟ್ಟು ತೂಕ ಸುಮಾರು 270 ಕಿಲೋ. ತಗಡಿನಲ್ಲಿ ಸದ್ದು ಒಮ್ಮೆಗೇ ದಟ್ಟವಾಗುತ್ತದೆ. ಕೋಣೆಯಲ್ಲಿ ಬರುವ ಹಾಗೆ ಮೊದಲು ಈ ಗೋಡೆ, ಆಮೇಲೆ ಆ ಗೋಡೆ ಅನ್ನುವ ಸುಳಿವು ಇಲ್ಲ. ಅದಕ್ಕೇ ಪ್ಲೇಟ್ ಹಾಕಿದ ದನಿ ಹಿಂದಕ್ಕೆ ಹೋಗದೆ ಮುಂದೆಯೇ ನಿಂತು ಹೊಳೆಯುತ್ತದೆ. ನಿಮ್ಮ ದನಿಗೆ ಹಾಲ್ ಬದಲು ಪ್ಲೇಟ್ ಹಾಕಿ ನೋಡಿ, ವ್ಯತ್ಯಾಸ ಆಗಲೇ ಗೊತ್ತಾಗುತ್ತದೆ.

ಕೊಳ್ಳುವ ಮೊದಲು ಟ್ರಯಲ್ ಇಳಿಸಿಕೊಂಡು ಪರೀಕ್ಷೆ ಮಾಡಿ. ಪ್ರೀಸೆಟ್‌ಗಳನ್ನು ಸುಮ್ನೆ ಒಂದಾದ ಮೇಲೊಂದು ಒತ್ತುತ್ತಾ ಹೋದರೆ ಏನೂ ತಿಳಿಯುವುದಿಲ್ಲ. ಒಂದು ಚಪ್ಪಾಳೆಯ ಸದ್ದು ಹಾಕಿ, ಡಿಕೇ ಮೂರು ಸೆಕೆಂಡ್ ಇಟ್ಟು ಬಾಲ ಕೇಳಿ. ಟಂಯ್ ಅಂತ ಲೋಹದ ದನಿ ಬಂದರೆ, ಅಥವಾ ಬಿಡಿಬಿಡಿ ಟಕಟಕ ಕೇಳಿದರೆ, ಅದು ಬೇಡ. ಸೆಕೆಂಡಿಗೆ ಸಾವಿರದಷ್ಟು ಪ್ರತಿಧ್ವನಿ ಇದ್ದರೆ ಬಾಲ ನುಣುಪಾಗಿ ಕೇಳುತ್ತದೆ ಅಂತ ಶ್ರೋಡರ್ ಆಗಲೇ ಹೇಳಿದ್ದರು. ಆಮೇಲೆ ಒಂದು ಪಿಯಾನೋ ಕಾರ್ಡ್ ಹಿಡಿದು ಬಿಡಿ. ಬಾಲದಲ್ಲಿ ಶ್ರುತಿ ಅಲುಗಾಡಿದಂತೆ ಅನ್ನಿಸಿದರೆ ಮಾಡ್ಯುಲೇಷನ್ (ಬಾಲವನ್ನು ತುಸು ಅಲುಗಾಡಿಸುವ ಸೆಟ್ಟಿಂಗ್) ಇಳಿಸಿ, ಇಳಿಸಿದರೂ ಹೋಗದಿದ್ದರೆ ಆ ಪ್ಲಗಿನ್ ಬಿಡಿ. ಕೊನೆಗೆ ಡಿಕೇಯನ್ನು ಅರ್ಧ ಸೆಕೆಂಡಿಗೆ ತಂದು ಗಿಟಾರ್ ಮೇಲೆ ಕೇಳಿ. ನನ್ನ ಲೆಕ್ಕದಲ್ಲಿ ನಿಜವಾದ ಪರೀಕ್ಷೆ ಇದು. ಉದ್ದ ಬಾಲವನ್ನು ಎಷ್ಟೋ ಪ್ಲಗಿನ್‌ಗಳು ಚೆನ್ನಾಗಿ ಕೊಡುತ್ತವೆ. ಚಿಕ್ಕ ಕೋಣೆಯನ್ನು ನಂಬುವಂತೆ ಕೊಡುವುದೇ ಕಷ್ಟ. ಮಾನೋದಲ್ಲೂ (ಎಡ-ಬಲ ಸೇರಿ ಒಂದೇ ಚಾನೆಲ್) ಒಮ್ಮೆ ಕೇಳಿ, ಫೋನ್ ಸ್ಪೀಕರ್‌ನಲ್ಲಿ ಕೇಳುವವರೇ ಜಾಸ್ತಿ ಅಲ್ವಾ.

ವಿಂಟೇಜ್‌ವರ್ಬ್ ನನಗೆ ಇಷ್ಟವಾಗುವುದು ಇಂಥ ಕಡೆಯೇ. ಹಾಲ್, ಪ್ಲೇಟ್, ರೂಮ್, ಚೇಂಬರ್ ಎಲ್ಲ ಒಳಗೇ ಇವೆ, ಪರದೆ ಸರಳ, ಸಿಪಿಯು ಮೇಲೆ ಭಾರ ಕಡಿಮೆ. ಬಣ್ಣ ಬದಲಾಯಿಸುವ ಒಂದು ಗುಂಡಿ ಇದೆ. 1970ರ ದಶಕ ಅಂತ ಇಟ್ಟರೆ 10 ಕಿಲೋಹರ್ಟ್ಸ್ ಮೇಲಿನದು ಹೋಗಿ ಸದ್ದು ಬೆಚ್ಚಗೆ, ತುಸು ಒರಟಾಗುತ್ತದೆ. 80ರ ದಶಕದ್ದು ಹೊಳಪಿನದು. ಮೂರನೆಯದು ಈ ಕಾಲದ ಸ್ವಚ್ಛ ಸದ್ದು. ಅದೇ ಕಂಪನಿಯ ಸೂಪರ್‌ಮ್ಯಾಸಿವ್ ಉಚಿತ, ಇಳಿಸಿಕೊಳ್ಳಿ. ಆದರೆ ಅದು ಹಾಡಿನ ಹಿಂದೆ ಹರಡುವ ವಿಶಾಲ ಸದ್ದಿಗೆ, ನಿತ್ಯದ ರೂಮ್ ಕೆಲಸಕ್ಕೆ ಅಲ್ಲ.

ಡ್ರಾಗನ್‌ಫ್ಲೈ ಓಪನ್ ಸೋರ್ಸ್. ಲಿನಕ್ಸ್‌ನಲ್ಲೂ ಓಡುತ್ತದೆ, ರೂಮ್, ಹಾಲ್, ಪ್ಲೇಟ್ ಬೇರೆ ಬೇರೆ ಪ್ಲಗಿನ್‌ಗಳಾಗಿ ಬರುತ್ತವೆ. ಒರಿಲ್‌ರಿವರ್‌ನಲ್ಲಿ ಮೊದಲ ಪ್ರತಿಫಲನಗಳನ್ನೂ ಬಾಲವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಹಾಗಾಗಿ ರಿವರ್ಬ್ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯಲು ಅದು ತುಂಬಾ ಒಳ್ಳೆಯದು. ನಿಮ್ಮ ಪರಿಸ್ಥಿತಿಯಲ್ಲಿ ನಾನಾಗಿದ್ದರೆ ಮೊದಲು ಅದನ್ನೇ ಹಾಕಿಕೊಳ್ಳುತ್ತಿದ್ದೆ.

ಇನ್ನೊಬ್ಬ ಓದುಗರ ಪ್ರಶ್ನೆ: ನನ್ನ ಕೋಣೆಯ ಸದ್ದು ರೆಕಾರ್ಡಿಂಗ್‌ನಲ್ಲೇ ಸೇರಿಹೋಗಿದೆ. ಮೇಲೆ ಒಳ್ಳೆಯ ರಿವರ್ಬ್ ಹಾಕಿದರೆ ಅದು ಮುಚ್ಚಿಹೋಗುತ್ತದಾ?

ಉತ್ತರ: ಇಲ್ಲ. ಚಿಕ್ಕ ಕೋಣೆಯ ಪ್ರತಿಫಲನಗಳು ಕೆಲವೇ ಮಿಲಿಸೆಕೆಂಡ್‌ನಲ್ಲಿ ಮೈಕಿಗೆ ಬಂದು ಮೂಲ ದನಿಯ ಜೊತೆ ಬೆರೆತಿರುತ್ತವೆ. ಹೊಸ ರಿವರ್ಬ್ ಆ ಡಬ್ಬಿಯಂಥ ದನಿಯನ್ನೂ ಸೇರಿಸಿ ದೊಡ್ಡದು ಮಾಡುತ್ತದೆ. ಮತ್ತೆ ಹಾಡಿ ರೆಕಾರ್ಡ್ ಮಾಡುವುದೇ ಸರಿ. ಮೈಕನ್ನು ಬಾಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿಡಿ. ನಿಮ್ಮ ಬೆನ್ನ ಹಿಂದೆ ದಪ್ಪ ಕಂಬಳಿ ತೂಗುಹಾಕಿ. ಮೈಕ್ ಮುಖ ಮಾಡಿರುವುದು ಆ ಕಡೆಗೆ, ಹಾಗಾಗಿ ಅಲ್ಲಿಂದ ಬರುವ ಸದ್ದನ್ನೇ ಅದು ಜಾಸ್ತಿ ಹಿಡಿಯುತ್ತದೆ. ಕೋಣೆಯ ನಟ್ಟನಡುವೆಯೂ ನಿಲ್ಲಬೇಡಿ, ಗೋಡೆಗೆ ಅಂಟಿಕೊಂಡೂ ನಿಲ್ಲಬೇಡಿ.