ಗಾಡಿ ಮಾತು: ಟ್ಯಾಂಕಿನ ಮೇಲಿನ ಹೆಲ್ಮೆಟ್

ಪ್ರಶ್ನೆ: ಮಗ ಬೈಕಿನಲ್ಲಿ ಕುಮಟಾದ ಕಾಲೇಜಿಗೆ ಹೋಗುತ್ತಾನೆ. ಪೊಲೀಸರು ಕಂಡರೆ ಹೆಲ್ಮೆಟ್ ತಲೆಗೆ, ಇಲ್ಲದಿದ್ದರೆ ಟ್ಯಾಂಕಿನ ಮೇಲೆ. ಕೇಳಿದರೆ ‘ಹಣೆಬರಹ ಇದ್ದಂಗೆ ಆಗ್ತದೆ’ ಅನ್ನುತ್ತಾನೆ. ಏನು ಹೇಳಲಿ?
– ಒಬ್ಬ ತಾಯಿ, ಹೊನ್ನಾವರ

ಉತ್ತರ: ಹಣೆಬರಹ ನನಗೆ ಓದಲು ಬರುವುದಿಲ್ಲ ಅಮ್ಮ, ನಾನು ಗ್ಯಾರೇಜಿನವನು. ಲೆಕ್ಕ ಹೇಳುತ್ತೇನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಹಾಕದ ಸವಾರರು, ಹಿಂದೆ ಕೂತವರು ಸೇರಿ ಸುಮಾರು 50 ಸಾವಿರ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಬೈಕ್ ಅಪಘಾತದಲ್ಲಿ ಸಾಯುವ ಅಪಾಯವನ್ನು ಹೆಲ್ಮೆಟ್ ಶೇ 42ರಷ್ಟು ಇಳಿಸುತ್ತದೆ, ತಲೆಗೆ ಪೆಟ್ಟಾಗುವುದನ್ನು ಶೇ 69ರಷ್ಟು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಂದು ಕಷ್ಟ ಇದೆ. ತಲೆಗೆ ಜೋರು ಪೆಟ್ಟಾದರೆ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕು. ಜೀವ ಉಳಿಸಬೇಕಾದ ಹೊತ್ತೆಲ್ಲ ಆಂಬ್ಯುಲೆನ್ಸಿನಲ್ಲೇ ಕಳೆಯುತ್ತದೆ. ಹಾಗಾಗಿ ಬೆಂಗಳೂರಿನ ಹುಡುಗರಿಗಿಂತ ನಮ್ಮ ಹುಡುಗರಿಗೇ ಹೆಲ್ಮೆಟ್ ಜಾಸ್ತಿ ಬೇಕು ಅನ್ನುತ್ತೇನೆ ನಾನು.

ಅವನ ಹೆಲ್ಮೆಟನ್ನೂ ಒಮ್ಮೆ ನೋಡಿ. ಐಎಸ್ಐ ಗುರುತು, ಅದರ ಜೊತೆ ಹೆಲ್ಮೆಟ್ಟಿನ ಮಾನದಂಡದ ಸಂಖ್ಯೆ ಐಎಸ್ 4151 ಅಂತ ಇರಬೇಕು. 2021ರ ಜೂನ್‌ನಿಂದ ಆ ಗುರುತಿಲ್ಲದ್ದನ್ನು ಮಾರುವಂತೆಯೇ ಇಲ್ಲ. ಆದರೂ ರಸ್ತೆ ಬದಿಯಲ್ಲಿ ಸಿಗುತ್ತದೆ, ಬಿಡಿ. ಪೆಟ್ಟನ್ನು ತಿನ್ನುವುದು ಒಳಗಿನ ಗಟ್ಟಿ ಥರ್ಮೋಕೋಲ್. ಅದು ಕುಗ್ಗಿ ಪೆಟ್ಟಿನ ಜೋರು ತಗ್ಗಿಸುತ್ತದೆ. ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಬಿಸಾಡಬೇಕು. ಗದ್ದದ ಪಟ್ಟಿ ಬಿಗಿಯದಿದ್ದರೆ ಅದು ಬರೀ ಅಡಿಕೆ ಹಾಳೆಯ ಟೊಪ್ಪಿ; ನೆಲಕ್ಕೆ ಬೀಳುವ ಮೊದಲೇ ಹಾರಿ ಹೋಗುತ್ತದೆ.

ಪ್ರಶ್ನೆ: ದೇವಿಮನೆ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ ಕೀ ಬಂದ್ ಮಾಡುತ್ತೇನೆ. ಪೆಟ್ರೋಲ್ ಉಳಿಯುತ್ತದೆ. ಹೇಗೂ ಬೈಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ ಇದೆಯಲ್ಲ?
– ಶಿರಸಿಯ ಓದುಗ

ಉತ್ತರ: ಕೀ ಬಂದ್ ಆದರೆ ಎಬಿಎಸ್ಸೂ ಬಂದ್, ಸ್ವಾಮಿ. ದುಡ್ಡು ಕೊಟ್ಟು ತಂದದ್ದನ್ನು ಬೇಕಾದ ಜಾಗದಲ್ಲೇ ಆರಿಸಿದಿರಿ. ಹೆಡ್‌ಲೈಟೂ ಇಲ್ಲ, ಮಂಜಿನಲ್ಲಿ ಎದುರಿನ ಬಸ್ಸಿನವನಿಗೆ ನೀವು ಕಾಣುವುದಾದರೂ ಹೇಗೆ? ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ನಲ್ಲಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ.

ಎಬಿಎಸ್ ಒಳ್ಳೆಯದೇ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗಲು ಬಿಡುವುದಿಲ್ಲ. ಆದರೆ ತಿರುವಿಗೆ ಜೋರಾಗಿ ನುಗ್ಗಿದವನನ್ನು ಅದು ಕಾಯುವುದಿಲ್ಲ. ಸಡಿಲ ಜಲ್ಲಿಯ ಮೇಲೆ ಗಾಡಿ ನಿಲ್ಲಲು ಇನ್ನೂ ಸ್ವಲ್ಪ ದೂರ ಬೇಕಾಗಬಹುದು. ತಿರುವಿನಲ್ಲಿ ಮೀನಿನ ಲಾರಿಯಿಂದ ಸೋರಿದ ನೀರಿದ್ದರೆ ಕೇಳುವುದೇ ಬೇಡ. ವಾಸನೆ ಬಂದ ಕೂಡಲೇ ವೇಗ ಇಳಿಸಿ.

ಪ್ರಶ್ನೆ: ಮಳೆಯಲ್ಲಿ ಹಿಂದೆ ಕೂತವರು ಕೊಡೆ ಬಿಚ್ಚಬಹುದೇ?
– ಅಂಕೋಲಾದಿಂದ ಒಬ್ಬರು

ಉತ್ತರ: ಖಂಡಿತ ಬೇಡ. ಹೆದ್ದಾರಿ 66ರಲ್ಲಿ ಕಡಲಿನ ಗಾಳಿ ಒಮ್ಮೆ ಕೊಡೆಯೊಳಗೆ ಹೊಕ್ಕಿತೆಂದರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ. ಒಂದು ರೈನ್‌ಕೋಟ್ ಕೊಡಿಸಿ. ಜೊತೆಗೆ ಹೆಲ್ಮೆಟ್ಟೂ ಕೊಡಿಸಿ. ಹಿಂದೆ ಕೂತವರಿಗೂ ಕರ್ನಾಟಕದಲ್ಲಿ 2016ರಿಂದ ಅದು ಕಡ್ಡಾಯ.